ಮನೆಯ ಖರ್ಚಿನ ಹೊರೆ ಇಳಿಸುವ ಬಗೆ: ಸಾಲದ ಕಂತಿನಿಂದ ಕರೆಂಟ್ ಬಿಲ್‌ವರೆಗೆ

ಸ್ವಂತ ಮನೆಯ ಖರ್ಚು ಇಳಿಸಬೇಕು ಎಂದುಕೊಂಡವರ ಕಣ್ಣು ಮೊದಲು ಹೋಗುವುದು ಬಲ್ಬು, ಗೀಸರ್, ಸೋರುವ ನಲ್ಲಿಯ ಕಡೆಗೆ. ಅಲ್ಲಿ ತಿಂಗಳಿಗೆ ನೂರಿನ್ನೂರು ಉಳಿದೀತು. ಬೀರುವಿನಲ್ಲಿರುವ ಸಾಲದ ಫೈಲಿನಲ್ಲಿ ಲಕ್ಷಗಳ ಲೆಕ್ಕ ಇರುತ್ತದೆ, ಆದರೆ ಅದನ್ನು ಯಾರೂ ಬಿಚ್ಚುವುದಿಲ್ಲ. ಹಾಗಾಗಿ ಇಲ್ಲಿ ಮೊದಲ ಮಾತು, ಹೆಚ್ಚಿನ ಮಾತು ಸಾಲದ್ದೇ. ಕಂದಾಯ, ಕರೆಂಟ್, ನೀರು ಆಮೇಲೆ.

ಉದ್ದಕ್ಕೂ ಒಂದೇ ಉದಾಹರಣೆ ಹಿಡಿಯೋಣ: 40 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷ. ತಿಂಗಳ ಕಂತು 35,989 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೆ ಹೋಗುವುದು 30,000, ಅಸಲಿಗೆ 5,989. 20 ವರ್ಷ ಹೀಗೇ ಕಟ್ಟಿದರೆ ಬಡ್ಡಿಯೊಂದೇ 46 ಲಕ್ಷ ದಾಟುತ್ತದೆ.

ಮೊದಲು ನಾಲ್ಕು ಅಂಕಿ ಬರೆದುಕೊಳ್ಳಿ

ಇಂದಿನ ಅಸಲು ಬಾಕಿ, ಇಂದಿನ ಬಡ್ಡಿದರ, ಉಳಿದ ಕಂತುಗಳ ಸಂಖ್ಯೆ, ಬಡ್ಡಿದರ ಯಾವುದಕ್ಕೆ ಜೋಡಿಸಿದೆ ಎಂಬುದು. ಮೊದಲ ಮೂರು ಬ್ಯಾಂಕಿನ ಆ್ಯಪ್‌ನಲ್ಲೇ ಸಿಗುತ್ತವೆ. ಸಿಗದಿದ್ದರೆ ಶಾಖೆಯಲ್ಲಿ ಕೇಳಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಈವರೆಗೆ ವಸೂಲಾದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತು, ವಾರ್ಷಿಕ ದರ ಇಷ್ಟನ್ನೂ ತೋರಿಸುವ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು.

ನಾಲ್ಕನೆಯದು ಸಾಲದ ಕರಾರುಪತ್ರದಲ್ಲಿದೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ರೆಪೊದಂಥ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಿರುತ್ತವೆ. ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆ ಆಗಲೇಬೇಕು. ಅದಕ್ಕೂ ಹಳೆಯ ಸಾಲವಾದರೆ, ಬ್ಯಾಂಕ್ ತಾನೇ ಲೆಕ್ಕ ಹಾಕುವ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಎಂಬ ಹಳೆಯ ಮಾದರಿಯ ದರದಲ್ಲಿ ಇರಬಹುದು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ರೆಪೊ ನಿಯಮ ಅನ್ವಯಿಸುವುದಿಲ್ಲ; ಅವುಗಳದ್ದು ತಮ್ಮದೇ ದರ. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ಶೇ 6.5ರಿಂದ 5.5ಕ್ಕೆ ಇಳಿಯಿತು. ಆ ಒಂದು ಶೇಕಡ ನಿಮ್ಮ ಸಾಲಕ್ಕೂ ಇಳಿದು ಬಂತೇ ಎಂದು ಸ್ಟೇಟ್‌ಮೆಂಟ್ ನೋಡಿಯೇ ತಿಳಿಯಬೇಕು.

ಉಳಿದ ಕಂತುಗಳ ಸಂಖ್ಯೆಯನ್ನು ಯಾಕೆ ಅಷ್ಟು ಒತ್ತಿ ಹೇಳಬೇಕು? 2022ರ ಆರಂಭದಲ್ಲಿ ಶೇ 7ಕ್ಕೆ 40 ಲಕ್ಷ ತೆಗೆದವರ ಕಂತು 31,012 ಇತ್ತು. ಆ ವರ್ಷದ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಎರಡೂವರೆ ಶೇಕಡ ಏರಿತು. ಸಾಲದ ದರ ಶೇ 9.5 ಮುಟ್ಟಿತು. ಕಂತು ಬದಲಾಗಲಿಲ್ಲವಲ್ಲ ಎಂದು ಎಷ್ಟೋ ಜನ ನೆಮ್ಮದಿಯಾಗಿದ್ದರು. ಅಸಲು ಬಾಕಿ 39 ಲಕ್ಷಕ್ಕೆ ಇಳಿದಿದ್ದರೂ ಶೇ 9.5ರಂತೆ ತಿಂಗಳ ಬಡ್ಡಿ 30,875. ಅಸಲಿಗೆ ಸೇರುವುದು ಬರೀ 137 ರೂಪಾಯಿ! ಆ ಲೆಕ್ಕದಲ್ಲಿ ಸಾಲ ತೀರಲು 57 ವರ್ಷ ಬೇಕು. ಕಂತು ಏರಿಸದೆ ಅವಧಿ ಎಳೆದರೆ ಆಗುವುದು ಇದು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಏರಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು ಎಂದೂ ಅದೇ ಸುತ್ತೋಲೆ ಹೇಳುತ್ತದೆ.

ಒಂದು ಅರ್ಜಿ ಬರೆಯಿರಿ

ಎಲ್ಲಕ್ಕಿಂತ ಕಡಿಮೆ ಶ್ರಮದ್ದು ಇದೇ, ಹೆಚ್ಚು ಫಲ ಕೊಡುವುದೂ ಇದೇ. ನಿಮ್ಮದೇ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಇಂದು ಹೊಸ ಸಾಲಗಾರರಿಗೆ ಯಾವ ದರ ಇದೆ ನೋಡಿ. ಅದು ನಿಮ್ಮ ದರಕ್ಕಿಂತ ಕಾಲು ಶೇಕಡಕ್ಕೂ ಮಿಕ್ಕಿ ಕಡಿಮೆ ಇದ್ದರೆ ಶಾಖೆಗೆ ಹೋಗಿ. ಬಾಯಿಮಾತು ಬೇಡ, ಬರಹದಲ್ಲಿ ಕೊಡಿ. ಇಷ್ಟು ಸಾಕು:

"ನನ್ನ ಗೃಹಸಾಲ ಖಾತೆಗೆ ಈಗ ಶೇ __ ಬಡ್ಡಿ ಇದೆ. ಇದೇ ವರ್ಗದ ಹೊಸ ಸಾಲಕ್ಕೆ ನಿಮ್ಮ ಬ್ಯಾಂಕಿನ ದರ ಶೇ __ ಇದೆ. ನನ್ನ ಸಾಲವನ್ನು ಆ ದರಕ್ಕೆ ಬದಲಾಯಿಸಿಕೊಡಬೇಕಾಗಿ, ತಗಲುವ ಶುಲ್ಕವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ಕಂತಿನ ಮೊತ್ತವನ್ನು ಈಗಿರುವಷ್ಟೇ ಉಳಿಸಿ, ಅವಧಿಯನ್ನು ಕಡಿಮೆ ಮಾಡಬೇಕು."

ಜೊತೆಗೆ ಸಿಬಿಲ್ ವರದಿಯ (ನೀವು ಸಾಲ ತೀರಿಸಿದ ಬಗೆಗೆ ಅಂಕ ಕೊಡುವ ವರದಿ) ಪ್ರತಿ ಇಡಿ. ಸ್ಕೋರ್ 750ರ ಮೇಲಿದ್ದರೆ ನಿಮ್ಮ ಮಾತಿಗೆ ತೂಕ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ.

ಅರ್ಜಿಯ ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ನಮ್ಮ ಉದಾಹರಣೆಯಲ್ಲಿ ಆರಂಭದಲ್ಲೇ ದರ ಶೇ 8.5ಕ್ಕೆ ಇಳಿಯಿತು ಎನ್ನಿ. ಕಂತನ್ನು 34,713ಕ್ಕೆ ಇಳಿಸಿಕೊಂಡರೆ 20 ವರ್ಷದಲ್ಲಿ ಉಳಿಯುವುದು ಸುಮಾರು 3 ಲಕ್ಷ. 35,989 ಕಂತನ್ನೇ ಮುಂದುವರಿಸಿದರೆ ಸಾಲ 20 ತಿಂಗಳು ಮೊದಲೇ ತೀರುತ್ತದೆ, ಉಳಿತಾಯ ಏಳು ಲಕ್ಷ ದಾಟುತ್ತದೆ. ಹಾಗೆಂದು ತಿಂಗಳ ಕೊನೆಗೆ ಕೈಸಾಲ ಮಾಡುವ ಸ್ಥಿತಿಯಲ್ಲಿದ್ದರೆ ಕಂತು ಇಳಿಸಿಕೊಳ್ಳುವುದೇ ಸರಿ. ಕ್ರೆಡಿಟ್ ಕಾರ್ಡಿನ ಬಡ್ಡಿಗಿಂತ ಗೃಹಸಾಲದ ಬಡ್ಡಿ ಎಷ್ಟೋ ಮೇಲು.

ಅಸಲಿಗೆ ಹೆಚ್ಚುವರಿ ಕಟ್ಟುವುದು

ವ್ಯಕ್ತಿಗಳು ತೆಗೆದ ಬದಲಾಗುವ ದರದ ಗೃಹಸಾಲವನ್ನು ಮುಂಚಿತವಾಗಿ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ. 2012ರಿಂದ ಇದೇ ನಿಯಮ. ಸ್ಥಿರ ದರದ ಸಾಲವಾದರೆ ಮಾತ್ರ ಕರಾರುಪತ್ರ ಓದಿ ಮುಂದುವರಿಯಿರಿ.

ಯಾವಾಗ ಕಟ್ಟುತ್ತೀರಿ ಎಂಬುದರ ಮೇಲೆ ಲಾಭ ನಿಂತಿದೆ. ಮೊದಲ ವರ್ಷದ ಕೊನೆಗೆ 2 ಲಕ್ಷ ಅಸಲಿಗೆ ಹಾಕಿದರೆ 27 ಕಂತು ಕಡಿಮೆಯಾಗುತ್ತದೆ. ಬಡ್ಡಿ ಉಳಿತಾಯ ಹತ್ತಿರ ಹತ್ತಿರ 8 ಲಕ್ಷ. ಅದೇ 2 ಲಕ್ಷವನ್ನು ಹತ್ತನೇ ವರ್ಷದ ಕೊನೆಗೆ ಹಾಕಿದರೆ ಕಡಿಮೆಯಾಗುವುದು 13 ಕಂತು, ಉಳಿಯುವುದು ಎರಡೂಮುಕ್ಕಾಲು ಲಕ್ಷದ ಒಳಗೆ. ದೊಡ್ಡ ಮೊತ್ತ ಕೈಯಲ್ಲಿಲ್ಲದವರಿಗೆ ಸುಲಭದ ದಾರಿ ಎಂದರೆ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟುವುದು. ಬೋನಸ್ಸು, ಅಡಿಕೆ-ಕಾಫಿ ಮಾರಿದ ದುಡ್ಡು, ಚೀಟಿ ಎತ್ತಿದ್ದು, ಯಾವುದಾದರೂ ಸರಿ. ವರ್ಷದ ಕೊನೆಗೆ 36,000 ಹೆಚ್ಚುವರಿ ಕಟ್ಟುತ್ತ ಹೋದರೆ 20 ವರ್ಷದ ಸಾಲ ಹದಿನಾರೂವರೆ ವರ್ಷಕ್ಕೆ ಮುಗಿದು, ಬಡ್ಡಿಯಲ್ಲಿ 9 ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ.

ಕೆಲಸ ಕೆಡುವುದು ಎರಡು ಕಡೆ. ಒಂದು, ಕಟ್ಟಿದ ಹಣ ಅಸಲಿಗೆ ಸೇರದೆ ಮುಂದಿನ ಕಂತುಗಳ ಮುಂಗಡವಾಗಿ ಖಾತೆಯಲ್ಲಿ ಕೂರುವುದು. ಹಾಗೆ ಕೂತರೆ ಬಡ್ಡಿ ಒಂದು ಪೈಸೆಯೂ ಇಳಿಯುವುದಿಲ್ಲ. ಚಲನ್‌ನಲ್ಲಿ "ಭಾಗಶಃ ಅಸಲು ಮರುಪಾವತಿ" ಎಂದು ಬರೆಸಿ, ಎರಡು ದಿನ ಬಿಟ್ಟು ಅಸಲು ಬಾಕಿ ಅಷ್ಟೇ ಇಳಿದಿದೆಯೇ ನೋಡಿ. ಎರಡು, ಅವಧಿ ಇಳಿಸುವ ಬದಲು ಕಂತು ಇಳಿಸಿಬಿಡುವುದು. ಹೊಸ ಕಂತಿನ ಪಟ್ಟಿ ಕೈಗೆ ಬರುವವರೆಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಆರು ತಿಂಗಳ ಕಂತಿನಷ್ಟು ದುಡ್ಡು ಎಫ್‌ಡಿಯಲ್ಲಿ ಇರಲಿ. ಅದನ್ನೂ ಸಾಲಕ್ಕೆ ಸುರಿದು, ಕೆಲಸ ಹೋದ ತಿಂಗಳು ಬಂಗಾರ ಅಡ ಇಡುವುದು ಜಾಣತನವಲ್ಲ.

ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬೇಕೆ?

ನಿಮ್ಮ ಬ್ಯಾಂಕ್ ದರ ಇಳಿಸಲು ಒಪ್ಪದಿದ್ದರೆ ಮಾತ್ರ ಈ ದಾರಿ. 30 ಲಕ್ಷ ಬಾಕಿ, 15 ವರ್ಷ ಉಳಿದಿದೆ, ಹೊಸ ಬ್ಯಾಂಕಿನಲ್ಲಿ ಅರ್ಧ ಶೇಕಡ ಕಡಿಮೆ ಎಂದಿಟ್ಟುಕೊಳ್ಳಿ. ಕಂತು 30,428ರಿಂದ 29,542ಕ್ಕೆ ಇಳಿಯುತ್ತದೆ, ತಿಂಗಳಿಗೆ 886 ಉಳಿತಾಯ. ಇನ್ನೊಂದು ಕಡೆ ಖರ್ಚು: ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ, ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಹಕ್ಕುಪತ್ರ ಠೇವಣಿಯ ಕರಾರಿಗೆ (ಮನೆಪತ್ರ ಬ್ಯಾಂಕಿಗೆ ಅಡವಿಟ್ಟಿದ್ದಕ್ಕೆ ಮಾಡುವ ಕರಾರು) ಹೊಸದಾಗಿ ಸ್ಟಾಂಪ್ ಮತ್ತು ನೋಂದಣಿ. ಒಟ್ಟು 30,000 ಆದರೆ ಹಾಕಿದ ದುಡ್ಡು ವಾಪಸ್ಸಾಗಲು 34 ತಿಂಗಳು ಬೇಕು. ಐದು ವರ್ಷದೊಳಗೆ ಸಾಲ ತೀರಿಸುವ ಅಥವಾ ಮನೆ ಮಾರುವ ಯೋಚನೆ ಇದ್ದವರು ಈ ರಗಳೆಗೆ ಹೋಗದಿರುವುದೇ ವಾಸಿ. ವರ್ಗಾವಣೆ ಹೊತ್ತಿಗೆ "ಅವಧಿಯನ್ನು ಮತ್ತೆ 20 ವರ್ಷ ಮಾಡಿಬಿಡೋಣ, ಕಂತು ಇನ್ನೂ ಕಡಿಮೆ ಬರುತ್ತೆ ಸಾರ್" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ತಲೆಯಾಡಿಸಿದರೆ ದರದಲ್ಲಿ ಉಳಿಸಿದ್ದೆಲ್ಲ ಅವಧಿಯಲ್ಲಿ ಹೋಯಿತು.

ಸಾಲದ ಜೊತೆ ಅಂಟಿಸುವ ವಿಮೆಯನ್ನೂ ಇಲ್ಲೇ ಹೇಳಿಬಿಡಬೇಕು. ಒಂದೇ ಕಂತಿನ ಪ್ರೀಮಿಯಂ ಲಕ್ಷ, ಎರಡು ಲಕ್ಷ. ಅದನ್ನೂ ಸಾಲಕ್ಕೇ ಸೇರಿಸಿ 20 ವರ್ಷ ಬಡ್ಡಿ ವಸೂಲು. ಆ ಬ್ಯಾಂಕ್ ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ಕಾನೂನಿಲ್ಲ. ಬೇರೆಯಾಗಿ ತೆಗೆದ ಟರ್ಮ್ ಪಾಲಿಸಿ ಸಾಕು. ಈಗಾಗಲೇ ಸಹಿ ಹಾಕಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಅದನ್ನು ಹಿಂತಿರುಗಿಸಬಹುದು.

ಸರ್ಕಾರದಿಂದ ಏನು ಸಿಗುತ್ತದೆ

2024ರ ಸೆಪ್ಟೆಂಬರ್ 1ರ ನಂತರ ಮಂಜೂರಾಗಿ ಬಿಡುಗಡೆಯಾದ ಸಾಲಕ್ಕೆ ಪಿಎಂ ಆವಾಸ್ ನಗರ 2.0 ಯೋಜನೆಯ ಬಡ್ಡಿ ಸಹಾಯಧನ ಇದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು; ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ 4ರ ಸಹಾಯಧನ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಬೆಂಗಳೂರಿನಲ್ಲಿ 35 ಲಕ್ಷಕ್ಕೆ ಮನೆ ಎಲ್ಲಿ ಎಂದು ಕೇಳಬೇಡಿ. ಹಾಸನ, ಗದಗದ ಕಡೆಯವರು ವಿಚಾರಿಸಿ ನೋಡಲಿ.

ಆದಾಯ ತೆರಿಗೆಯಲ್ಲಿ, ತಾವೇ ವಾಸವಿರುವ ಮನೆಯ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ. ಅಸಲಿಗೆ ಸಿಗುವ ಒಂದೂವರೆ ಲಕ್ಷದ ವಿನಾಯಿತಿಯೂ ಅಷ್ಟೇ. ಗಂಡ-ಹೆಂಡತಿ ಇಬ್ಬರೂ ಮನೆಗೂ ಸಾಲಕ್ಕೂ ಪಾಲುದಾರರಾಗಿದ್ದು, ಇಬ್ಬರೂ ಕಂತು ಕಟ್ಟುತ್ತಿದ್ದರೆ ಇಬ್ಬರಿಗೂ ತಲಾ ಆ ಮಿತಿ. ಸಾಲದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಸಿಗುವುದಿಲ್ಲ. ಹೊಸ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಬಾಡಿಗೆಯ ಎದುರು ಕಳೆಯಬಹುದು, ಆದರೆ ಅಲ್ಲಿ ಉಂಟಾದ ನಷ್ಟವನ್ನು ಸಂಬಳದಲ್ಲಿ ಕಳೆಯಲಾಗದು. ಸಾಲ ಇದೆ ಎಂಬ ಒಂದೇ ಕಾರಣಕ್ಕೆ ಹಳೆಯ ಪದ್ಧತಿಗೆ ಅಂಟಿಕೊಳ್ಳದೆ, ಪ್ರತಿ ವರ್ಷ ಎರಡರಲ್ಲೂ ಲೆಕ್ಕ ಹಾಕಿ ನೋಡಿ.

ಮೇಲಿನ ಮಹಡಿ: ಬಾಡಿಗೆಯೋ, ಭೋಗ್ಯವೋ

ಮಹಡಿ ಮನೆ ಇದ್ದವರಿಗೆ ಬರುವ ಪ್ರಶ್ನೆ ಇದು. 10 ಲಕ್ಷ ಭೋಗ್ಯಕ್ಕೆ ಹಾಕಿಸಿಕೊಂಡು ಸಾಲಕ್ಕೆ ಕಟ್ಟಿಬಿಟ್ಟರೆ? ಲೆಕ್ಕ ಸರಳ. ಶೇ 9ರ ಸಾಲಕ್ಕೆ 10 ಲಕ್ಷ ಕಟ್ಟಿದರೆ ತಿಂಗಳಿಗೆ ಉಳಿಯುವ ಬಡ್ಡಿ 7,500. ಆ ಮಹಡಿಗೆ 12,000 ಬಾಡಿಗೆ ಬರುವಂತಿದ್ದರೆ ತಿಂಗಳಿಗೆ 4,500 ನಷ್ಟ. ಬಾಡಿಗೆ 7,500ಕ್ಕಿಂತ ಕಡಿಮೆ ಬರುವ ಕಡೆ ಮಾತ್ರ ಭೋಗ್ಯ ಗಿಟ್ಟುತ್ತದೆ.

ಗಿಟ್ಟಿದರೂ ಒಂದು ಗಂಡಾಂತರ ಇದೆ. ಮೂರು ವರ್ಷ ಆದ ಮೇಲೆ ಭೋಗ್ಯದವರು 10 ಲಕ್ಷ ವಾಪಸ್ ಕೇಳುತ್ತಾರೆ. ಸಾಲಕ್ಕೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಹೊಸ ಭೋಗ್ಯದವರು ಸಿಗುವವರೆಗೆ ಹಳಬರು ಮನೆ ಬಿಡುವುದಿಲ್ಲ, ಹಳಬರು ಬಿಡದೆ ಹೊಸಬರು ದುಡ್ಡು ಕೊಡುವುದಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲವಿದ್ದರೆ ಈ ಸಿಕ್ಕು ಇಲ್ಲ: ಹಣ ಖಾತೆಯಲ್ಲಿ ಇರುವಷ್ಟು ದಿನ ಅಷ್ಟರ ಮೇಲೆ ಬಡ್ಡಿ ಇಲ್ಲ, ಬೇಕಾದಾಗ ತೆಗೆಯಬಹುದು. ದರ ಮಾತ್ರ ತುಸು ಹೆಚ್ಚು. ಅಡಮಾನದಲ್ಲಿರುವ ಮನೆಯನ್ನು ಭೋಗ್ಯಕ್ಕೆ ಹಾಕಲು ಬ್ಯಾಂಕಿನ ಒಪ್ಪಿಗೆ ಬೇಕು ಎಂಬ ಷರತ್ತು ಕರಾರಿನಲ್ಲಿ ಇರುತ್ತದೆ, ಅದನ್ನು ಓದದೆ ಸಹಿ ಹಾಕಬೇಡಿ.

ಬಾಡಿಗೆಗೆ ಕೊಡುವುದಾದರೆ ಮಹಡಿಗೆ ಬೇರೆ ಮೀಟರ್ ಹಾಕಿಸಿ. ಆದಾಯ ತೆರಿಗೆಯ ಲೆಕ್ಕದಲ್ಲಿ, ಬಾಡಿಗೆ ಆದಾಯದಿಂದ ಮನೆ ಕಂದಾಯ ಕಳೆದು, ಉಳಿದದ್ದರ ಶೇ 30ನ್ನು ದುರಸ್ತಿ ಮಾಡಿಸಿದರೂ ಮಾಡಿಸದಿದ್ದರೂ ಕಳೆಯಬಹುದು. ಸಬ್‌ಮೀಟರ್ ಇಟ್ಟು ಯೂನಿಟ್ಟಿಗೆ ಇಷ್ಟು ಎಂದು ವಸೂಲು ಮಾಡುವುದು ಜಗಳಕ್ಕೆ ಮೂಲ. ಗೃಹಜ್ಯೋತಿಯ ಲೆಕ್ಕವೂ ಮೀಟರ್‌ಗೊಂದರಂತೆ.

ಮನೆ ಕಂದಾಯ

ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ತಪ್ಪು ವರ್ಗದಲ್ಲಿ ವರ್ಷಗಟ್ಟಲೆ ಕಟ್ಟುತ್ತಿರುವುದು. ಬೆಂಗಳೂರಿನ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ದರದ ಎರಡರಷ್ಟು. ಬಾಡಿಗೆಯವರು ಖಾಲಿ ಮಾಡಿ ಮಗ-ಸೊಸೆ ಅಲ್ಲಿ ವಾಸಕ್ಕೆ ಬಂದಿದ್ದರೂ ಹಳೆಯ ಫಾರಂ 4ನ್ನೇ ಒತ್ತುತ್ತ ಹೋದರೆ ದುಪ್ಪಟ್ಟು ಕಟ್ಟುತ್ತಲೇ ಇರುತ್ತೀರಿ. ಬದಲಾವಣೆ ಇಲ್ಲದವರಿಗೆ ಫಾರಂ 4, ವಿಸ್ತೀರ್ಣ ಅಥವಾ ಬಳಕೆ ಬದಲಾದವರಿಗೆ ಫಾರಂ 5. ವಲಯ, ಕಟ್ಟಡದ ವಯಸ್ಸು, ವಿಸ್ತೀರ್ಣ ಈ ಮೂರನ್ನೂ ಒಮ್ಮೆ ತಾಳೆ ನೋಡಿ. ಮನೆ ಹಳೆಯದಾದಂತೆ ಸವಕಳಿ ಹೆಚ್ಚು ಸಿಗುತ್ತದೆ. ಹಾಗೆಂದು ಕಟ್ಟಿದ ಮಹಡಿಯನ್ನು ಮುಚ್ಚಿಡಬೇಡಿ. ಸಿಕ್ಕಿಬಿದ್ದರೆ ದಂಡ, ಬಡ್ಡಿ ಸೇರಿ ಹಿಂದಿನ ವರ್ಷಗಳದ್ದೂ ಕಟ್ಟಬೇಕು.

ಕರೆಂಟ್, ಸೋಲಾರ್

ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎಂಬುದು ಅರ್ಧ ಸತ್ಯ. 2022-23ರ ನಿಮ್ಮ ಸರಾಸರಿ 140 ಯೂನಿಟ್ ಆಗಿದ್ದರೆ ಶೇ 10 ಸೇರಿ 154ರವರೆಗೆ ಶೂನ್ಯ ಬಿಲ್. 154 ದಾಟಿ 200ರೊಳಗೆ ಇದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. 201 ಆದರೆ ಪೂರ್ತಿ ಬಿಲ್ ನಿಮ್ಮದೇ. ಆದ್ದರಿಂದ ರೀಡಿಂಗ್ ದಿನಕ್ಕೆ ಹತ್ತು ದಿನ ಮುಂಚೆ ಮೀಟರ್ ನೋಡುವ ಅಭ್ಯಾಸ ಇರಲಿ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ಗಡಿಯಲ್ಲಿರುವ ಮನೆಯಲ್ಲಿ ಬಿಲ್ಲನ್ನು ಆಚೆ ದಾಟಿಸುವುದು ಅದೇ.

ಶೂನ್ಯ ಬಿಲ್ ಬರುವವರು ಚಾವಣಿ ಸೋಲಾರ್‌ಗೆ ಕೈ ಹಾಕಬೇಡಿ. ಇಲ್ಲದ ಬಿಲ್ಲನ್ನು ಇಳಿಸಲಾಗದು. 200 ದಾಟುವ ಮನೆಗಳಿಗೆ ಮಾತ್ರ ಅದು ಒಳ್ಳೆಯ ಹೂಡಿಕೆ. 1 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟಿದ್ದಕ್ಕೆ 78,000. ಕ್ರಮ ಹೀಗೆ: ರಾಷ್ಟ್ರೀಯ ಪೋರ್ಟಲ್‌ನಲ್ಲಿ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಗ್ರಾಹಕ ಸಂಖ್ಯೆ ಹಾಕಿ ನೋಂದಣಿ; ಕಾರ್ಯಸಾಧ್ಯತೆಯ ಒಪ್ಪಿಗೆ; ಪಟ್ಟಿಯಲ್ಲಿರುವ ಗುತ್ತಿಗೆದಾರರಿಂದ ಅಳವಡಿಕೆ; ನೆಟ್ ಮೀಟರ್; ಎಸ್ಕಾಂ ತಪಾಸಣೆ; ಕೊನೆಗೆ ಬ್ಯಾಂಕ್ ವಿವರ ಸಲ್ಲಿಕೆ. ಗುತ್ತಿಗೆದಾರರಿಗೆ ಪೂರ್ತಿ ಹಣವನ್ನು ನೆಟ್ ಮೀಟರ್ ಕೂರುವ ಮೊದಲೇ ಕೊಟ್ಟುಬಿಟ್ಟರೆ ಆಮೇಲೆ ಫೋನ್ ಎತ್ತುವವರಿಲ್ಲ.

ಸಹಾಯಧನ ತಪ್ಪಿಹೋಗಲು ಮುಖ್ಯ ಕಾರಣ ಎರಡು. ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿರುವುದು, ಮತ್ತು ಪ್ಯಾನೆಲ್ ಭಾರತದಲ್ಲೇ ತಯಾರಾದ ಸೆಲ್‌ನದ್ದಲ್ಲದಿರುವುದು. ಮೊದಲನೆಯದಕ್ಕೆ ಹೆಸರು ವರ್ಗಾವಣೆ ಮಾಡಿಸಿಯೇ ಅರ್ಜಿ ಹಾಕಿ. ಎರಡನೆಯದಕ್ಕೆ ಬಿಲ್ಲಿನಲ್ಲಿ ಡಿಸಿಆರ್ (ದೇಶದಲ್ಲೇ ತಯಾರಾದದ್ದು ಎಂಬ ಗುರುತು) ಎಂದು ಬರೆಸಿ. ಇನ್ನು ತಾರಸಿಯ ಮೇಲೆ: ಸಿಂಟೆಕ್ಸ್ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪಾದನೆಗೂ ಪೆಟ್ಟು. ಮೋಲ್ಡಿಂಗ್‌ಗೆ ಡ್ರಿಲ್ ಮಾಡಿ ಬೋಲ್ಟ್ ಹಾಕಿದರೆ ಮುಂದಿನ ಮಳೆಗಾಲದಲ್ಲಿ ಸೋರುವುದು ಖಂಡಿತ ಎನ್ನುವಷ್ಟು ಸಾಮಾನ್ಯ. ಕಾಂಕ್ರೀಟ್ ದಿಮ್ಮಿಯ ಮೇಲೆ ಕಾಲು ನಿಲ್ಲಿಸಲು ಹೇಳಿ. ಚೌಕಟ್ಟನ್ನು ಏಳು ಅಡಿ ಎತ್ತರಿಸಿದರೆ ಸ್ವಲ್ಪ ಖರ್ಚು ಹೆಚ್ಚು, ಆದರೆ ಕೆಳಗೆ ಬಟ್ಟೆ ಹರವಲು ಜಾಗ ಉಳಿಯುತ್ತದೆ. ಹಪ್ಪಳಕ್ಕೆ ಬಿಸಿಲು ಮಾತ್ರ ಸಿಗದು.

ನೀರಿನ ವಿಷಯ ಚಿಕ್ಕದು. 1,200 ಚದರಡಿ ತಾರಸಿಯ ಮೇಲೆ ವರ್ಷಕ್ಕೆ 970 ಮಿಲಿಮೀಟರ್ ಮಳೆ ಬಿದ್ದು, ಅದರ ಶೇ 80 ಹಿಡಿದರೂ 86,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 14 ಲೋಡು. ಮೊದಲ ಮಳೆಯ ಕೊಳೆ ನೀರು ಹೊರಹೋಗುವ ಕವಾಟ, ಫಿಲ್ಟರ್, ಸಂಪಿನವರೆಗೆ ಪೈಪು, ಇಷ್ಟೇ. ಸಂಪು ತುಂಬಿದ ಮೇಲೆ ಉಕ್ಕುವ ನೀರನ್ನು ಇಂಗುಗುಂಡಿಗೆ ತಿರುಗಿಸಿ.

ಕಂತು ಕಟ್ಟಲಾಗದ ಸ್ಥಿತಿ ಬಂದರೆ

ಬ್ಯಾಂಕಿನವರ ಫೋನ್ ಎತ್ತದಿರುವುದು ಎಲ್ಲರೂ ಮಾಡುವ ತಪ್ಪು. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಆಮೇಲೆ, ಅಡವಿಟ್ಟ ಮನೆಯನ್ನು ಬ್ಯಾಂಕ್ ವಶಕ್ಕೆ ಪಡೆದು ಮಾರಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್. ಆ 90 ದಿನದೊಳಗೆ, ಸಾಧ್ಯವಾದರೆ ಮೊದಲ ಕಂತು ತಪ್ಪುವ ಮುಂಚೆಯೇ, ಅವಧಿ ವಿಸ್ತರಿಸಲು ಅಥವಾ ಸಾಲ ಪುನರ್‌ರಚಿಸಲು ಬರಹದಲ್ಲಿ ಕೇಳಿ. ಕೆಲಸ ಹೋದ ಪತ್ರ, ಆಸ್ಪತ್ರೆ ಬಿಲ್ಲು, ಏನು ಕಾರಣವೋ ಅದರ ದಾಖಲೆ ಲಗತ್ತಿಸಿ. ನೋಟಿಸ್ ಬಂದರೂ ಆಕ್ಷೇಪಣೆ ಸಲ್ಲಿಸಬಹುದು. ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. ಉಳಿಸಿಕೊಳ್ಳಲು ಆಗುವುದೇ ಇಲ್ಲ ಎಂದಾದರೆ ಹರಾಜಿಗೆ ಬಿಡದೆ ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಮಾರಿ. ಹರಾಜಿನಲ್ಲಿ ಮಾರುಕಟ್ಟೆ ಬೆಲೆ ಬರುವುದು ಅಪರೂಪ.

ಸಾಲ ತೀರಿದ ದಿನ

ಕೊನೆಯ ಕಂತು ಕಟ್ಟಿದ 30 ದಿನದೊಳಗೆ ಮೂಲ ಪತ್ರಗಳನ್ನೆಲ್ಲ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಸಾಲ ತೆಗೆದಾಗ ಕೊಟ್ಟ ಪತ್ರಗಳ ಪಟ್ಟಿ ಹಿಡಿದುಕೊಂಡು ಹೋಗಿ ಒಂದೊಂದಾಗಿ ಎಣಿಸಿ ತೆಗೆದುಕೊಳ್ಳಿ. ಬಾಕಿ ಇಲ್ಲವೆಂಬ ಪತ್ರ ಪಡೆದು, ಠೇವಣಿ ಕರಾರು ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ತಿಂಗಳು ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ: ಅಡಮಾನದ ಸಾಲಿನ ಕೆಳಗೆ ಅದರ ಬಿಡುಗಡೆಯ ಸಾಲೂ ಇರಬೇಕು.